ಕೇಳಿಸದ ಹಾಡಿಗೆ ಮೂವತ್ತು ರೂಪಾಯಿ

“ಬ್ಲೌಸ್ ಹಾಕ್ಕೊಳ್ಳೋರು ಒಬ್ರು, ಹೊಲಿಗೆ ದುಡ್ಡು ಕೊಡೋರು ಇನ್ನೊಬ್ರೇನ್ರೀ?”

ಹಳೇಬೀಡಿನ ನಮ್ಮ ಟೈಲರ್ ಸಾವಿತ್ರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ, ಮೊಬೈಲ್ ಕಂಪನಿಯ ಕಸ್ಟಮರ್ ಕೇರ್‌ನವನನ್ನು ದಬಾಯಿಸುತ್ತಿದ್ದರು. ನಾನು ನನ್ನ ಬ್ಲೌಸಿಗಾಗಿ ಕಾಯುತ್ತಾ ಕೂತಿದ್ದೆ.

ಬಟ್ಟೆ ರೆಡಿಯಾದರೆ ಸಾವಿತ್ರಮ್ಮ ನಮಗೆಲ್ಲ ಮಿಸ್ಡ್ ಕಾಲ್ ಕೊಡುತ್ತಾರೆ, ಅಷ್ಟೇ. ಹಾಗಾಗಿ ಅವರ ಫೋನಿನ ಕರೆನ್ಸಿ ಕರಗುವುದೇ ಇಲ್ಲ. ಅವತ್ತು ಮೂವತ್ತು ರೂಪಾಯಿ ಮಾಯವಾಗಿದ್ದು ಕೂಡಲೇ ಕಣ್ಣಿಗೆ ಬಿದ್ದಿತ್ತು. ತಿಂಗಳ ಹಿಂದೆ ಉಚಿತವೆಂದು ಹಾಕಿಸಿಕೊಂಡ ಕಾಲರ್ ಟ್ಯೂನ್ ತಾನಾಗಿಯೇ ಮುಂದುವರಿದಿದೆ ಎಂದು ಅವನು ಸ್ಪೀಕರಿನಲ್ಲಿ ವಿವರಿಸುತ್ತಲೇ ಇದ್ದ. ಫೋನ್ ಮಾಡಿದವರಿಗೆ ಮಾತ್ರ ಕೇಳಿಸುವ ಹಾಡು ಅದು.

“ಒಂದ್ ದಿನಾನೂ ನನ್ ಕಿವಿಗೆ ಬಿದ್ದಿಲ್ಲ ಆ ಹಾಡು! ಈಗ್ಲೇ ತೆಗೀರಿ, ದುಡ್ಡೂ ವಾಪಸ್ ಹಾಕ್ರಿ. ಅಲ್ಲೀಗಂಟ ಫೋನ್ ಇಡಾಕಿಲ್ಲ.”

ಹತ್ತೇ ನಿಮಿಷ. ಹಾಡು ಹೋಯಿತು, ದುಡ್ಡು ಬಂತು, ಯಂತ್ರ ಮತ್ತೆ ಓಡಿತು.

ನನ್ನ ಫೋನಿನಲ್ಲೂ ಅಂಥದೇ ಉಚಿತದ ಹಾಡಿತ್ತು, ವರ್ಷದಿಂದ. ಬೇಲೂರಿನ ಬಸ್ಸು ಬರುವಷ್ಟರಲ್ಲಿ ತೆಗೆಸಿಬಿಟ್ಟೆ. ಅಷ್ಟೂ ತಿಂಗಳ ದುಡ್ಡು ವಾಪಸ್ ಕೇಳಲು ಮಾತ್ರ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ಮುಖವಿರಲಿಲ್ಲ.