ಅಪ್ಪ ಒಪ್ಪದ ಸಹಿ

ಹೋದ ತಿಂಗಳು ಅಪ್ಪ ತೀರಿಕೊಂಡಾಗ ನನ್ನ ತಮ್ಮ ಅಚ್ಚು ಹಾಕಿಸಿದ ಶ್ರದ್ಧಾಂಜಲಿ ಕಾರ್ಡು ಮೇಜಿನ ಮೇಲಿದೆ. ಇನ್ನೂ ಶಾಯಿಯ ವಾಸನೆ ಹೋಗಿಲ್ಲ. "ಆದರ್ಶ ಗೃಹಸ್ಥ, ನಿಷ್ಠಾವಂತ ಬ್ಯಾಂಕ್ ಅಧಿಕಾರಿ" ಎಂದಿದೆ. ಎರಡನೆಯದಕ್ಕೆ ನನ್ನ ತಕರಾರಿಲ್ಲ. ಮೊದಲನೆಯದನ್ನು ಬರೆಸುವ ಮುಂಚೆ ತಮ್ಮ ನನ್ನನ್ನೊಂದು ಮಾತು ಕೇಳಬೇಕಿತ್ತು.

ಎಪ್ಪತ್ತರ ದಶಕದಲ್ಲಿ ಅಪ್ಪ ಮೊದಲು ಮಾನ್ವಿ ಶಾಖೆಯಲ್ಲಿದ್ದರು, ಆಮೇಲೆ ದೇವದುರ್ಗ. ನಾವು ರಾಯಚೂರಿನಲ್ಲಿ. ಶನಿವಾರ ಸಂಜೆ ಬಸ್ಸಿಳಿದು ಸೋಮವಾರ ಬೆಳಗ್ಗೆ ಮತ್ತೆ ಬಸ್ಸು ಹತ್ತುತ್ತಿದ್ದ ಈ ಮನುಷ್ಯನನ್ನು ಓಣಿಯವರೆಲ್ಲ ಸಂಸಾರವಂದಿಗ ಎಂದು ಹೊಗಳುತ್ತಿದ್ದರು. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಬರುವಾಗ ಕೈಯಲ್ಲಿ ತರಕಾರಿ ಚೀಲ. ನಮ್ಮಲ್ಲಿ ಗಂಡಸರು ದೇವರಾಗಲು ಇಷ್ಟು ಸಾಕು ನೋಡಿ.

ಅವರ ಜಂಬವೆಲ್ಲ ಸಹಿ ಪರೀಕ್ಷೆಯಲ್ಲಿತ್ತು. ಖಾತೆ ತೆರೆದಾಗ ಮಾಡಿದ ಸಹಿಗೂ ಇವತ್ತಿನದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಣ ತೆಗೆಯುವ ಚೀಟಿ ವಾಪಸ್. ಬಾಗಲವಾಡದ ರೈತನೊಬ್ಬ "ನಿಮ್ಮ ಮುಂದ ನಾನೇ ನಿಂತೀನಲ್ರೀ ಸಾಹೇಬ್ರ!" ಎಂದು ಗೋಗರೆದನಂತೆ. "ನೀ ಬಂದೀಯಪಾ, ನಿನ್ನ ಸಹಿ ಬಂದಿಲ್ಲ" ಎಂದು ಇವರು ಕಳಿಸಿದರಂತೆ. ಊಟಕ್ಕೆ ಕೂತಾಗಲೆಲ್ಲ ಇದನ್ನೇ ಹೇಳಿ ನಗುತ್ತಿದ್ದರು. ನಾವೂ ನಗುತ್ತಿದ್ದೆವು. ನಗದಿದ್ದರೆ ಮತ್ತೊಮ್ಮೆ ಹೇಳುತ್ತಿದ್ದರು.

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಬೇಸಿಗೆಯಿಡೀ ಮಧ್ಯಾಹ್ನದ ಹೊತ್ತು ನನ್ನ ಪಾಟಿಯ ಮೇಲೆ ತನ್ನ ಹೆಸರು ತಿದ್ದಿದಳು. ನಾನೇ ಟೀಚರು. ದೊಡ್ಡ ಪಂಡಿತಳ ಹಾಗೆ ಬೈಯುತ್ತಿದ್ದೆ ಬೇರೆ. ಶರಣಮ್ಮ ಎಂಬುದರಲ್ಲಿ ಣ ಮಾತ್ರ ಯಾವಾಗಲೂ ಸೊಟ್ಟ. ಶಾಲೆ ಶುರುವಾಗಿ ನನ್ನ ಪ್ರಗತಿಪತ್ರ ಬಂದಾಗ ಅಪ್ಪ ದೇವದುರ್ಗದಲ್ಲಿದ್ದರು. "ನಾ ಮಾಡ್ಲೇನು ಸಹಿ?" ಎಂದಳು. ಉಸಿರು ಬಿಗಿಹಿಡಿದು ಮಾಡಿದಳು. ಆಮೇಲೆ ಪತ್ರವನ್ನು ನನ್ನ ಕೈಗೂ ಕೊಡದೆ ದೇವರ ಗೂಡಿನಲ್ಲಿಟ್ಟಳು.

ಶನಿವಾರ ಅಪ್ಪ ನೋಡಿದರು. ಗದರಲಿಲ್ಲ, ಗದರಿದ್ದರೇ ಚೆನ್ನಾಗಿತ್ತು. "ಬ್ಯಾಂಕಿನ್ಯಾಗ ನಿಂದು ಹೆಬ್ಬೆಟ್ಟು ಅದ. ಅಲ್ಲೊಂದು ಇಲ್ಲೊಂದು ನಡಿಯಂಗಿಲ್ಲ" ಎಂದು ಪಟ್ಟಿ ಇಟ್ಟು ನೇರ ಗೆರೆ ಎಳೆದು ಅವಳ ಹೆಸರು ಹೊಡೆದುಹಾಕಿದರು. ಚೀಲದಿಂದ ಮಸಿಯ ಪ್ಯಾಡು ತೆಗೆದು, ಅವಳ ಎಡಗೈ ಹಿಡಿದು ಹೆಬ್ಬೆಟ್ಟು ಒತ್ತಿಸಿದರು. ಹೆಬ್ಬೆಟ್ಟಿಗೆ ಸಾಕ್ಷಿ ಬೇಕಲ್ಲ, ಪಕ್ಕದಲ್ಲಿ 'ಗುರುತಿಸಿದವರು' ಎಂದು ಬರೆದು ತಾವೇ ಸಹಿ ಹಾಕಿದರು. ಕಟ್ಟಿಕೊಂಡ ಹೆಂಡತಿಯನ್ನು ಗುರುತಿಸಿದ ಮಹಾನುಭಾವರು!

"ಆತು ಬಿಡ್ರಿ, ಊಟಕ್ಕ ಏಳ್ರಿ" ಎಂದಳು ಅವ್ವ. ಮತ್ತೆ ಪಾಟಿ ಕೇಳಲಿಲ್ಲ. ಕಲಿಸಿದವಳು ನಾನು ಎಂದು ಬಾಯಿ ಬಿಡಲು ನನಗೂ ಧೈರ್ಯವಾಗಲಿಲ್ಲ. ಎಂಬತ್ತರ ದಶಕದಲ್ಲಿ ಅಪ್ಪ ರಾಯಚೂರಿಗೇ ಮ್ಯಾನೇಜರಾಗಿ ಬಂದರು, ದಿನಾ ಮನೆಯಲ್ಲೇ ಉಂಡರು. ಅವ್ವ ಕರೆದಲ್ಲಿಗೆ ಹೋಗಿ ಹೆಬ್ಬೆಟ್ಟು ಒತ್ತುತ್ತಲೇ ಇದ್ದಳು. ಇವತ್ತಿಗೂ ನೆನೆದರೆ ನನ್ನ ಮೈ ಉರಿಯುತ್ತದೆ.

ನಿನ್ನೆ ಕುಟುಂಬ ಪಿಂಚಣಿಯ ಅರ್ಜಿಗೆ ಅವ್ವನನ್ನು ಬ್ಯಾಂಕಿಗೆ ಕರೆದೊಯ್ದಿದ್ದೆ. ಕೌಂಟರಿನ ಹುಡುಗಿ ಪೆನ್ನು ಚಾಚಿ, "ಸಹಿ ಮಾಡ್ತೀರೇನಮ್ಮಾ?" ಎಂದಳು. ಅವ್ವ ಮೆಲ್ಲಗೆ ಪೆನ್ನಿನತ್ತ ಕೈ ಎತ್ತಿದಳು. ಹಿಂದೆ ಸಾಲಿನಲ್ಲಿದ್ದವರು ಗೊಣಗುತ್ತಿದ್ದರು. ನನಗೂ ಮನೆಗೆ ಹೋಗುವ ಅವಸರ.

"ಆಕಿದು ಹೆಬ್ಬೆಟ್ಟು ರೀ" ಎಂದುಬಿಟ್ಟೆ.

ಹುಡುಗಿ ಪ್ಯಾಡು ಮುಂದಿಟ್ಟಳು. ಸಾಕ್ಷಿಯ ಜಾಗದಲ್ಲಿ ನಾನೇ ಸಹಿ ಹಾಕಿದೆ.

ಆಟೋ ಹತ್ತುವಾಗ ಅವ್ವ ಸೆರಗಿಗೆ ಬೆರಳು ಒರೆಸಿಕೊಳ್ಳುತ್ತ ಹೇಳಿದಳು: "ಎಂಟು ದಿನದಿಂದ ತಿದ್ದಾಕತ್ತಿದ್ದೆ. ಒಂಚೂರು ತಡೀಬೇಕಿತ್ತು ನೀ."