ತಮ್ಮ ಅನ್ನು, ಪುಟ್ಟಿ

ನನಗೆ ಎರಡನೆಯ ಮಗಳು ಹುಟ್ಟಿದ ಸುದ್ದಿಯನ್ನು ಮನೆಯವರಿಗೆ ತಿಳಿಸಿದ ಬಗೆಯನ್ನೂ, ಆ ಸಂದರ್ಭದಲ್ಲಿ ನನ್ನ ಮೊದಲ ಮಗಳಿಗೆ ಆದ ಅನ್ಯಾಯವನ್ನೂ ಇದ್ದದ್ದು ಇದ್ದ ಹಾಗೆ ಓದುಗರ ಗಮನಕ್ಕೆ ತರಬಯಸುತ್ತೇನೆ. ಕಚೇರಿಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ನಾನು ಈವರೆಗೆ ಬರೆದವಳಲ್ಲ. ಭಾಷೆಯಲ್ಲಿ ಲೋಪವಿದ್ದರೆ ಮನ್ನಿಸಬೇಕು. ಸಿಟ್ಟು ಕಂಡರೆ ಮನ್ನಿಸಬೇಕಾಗಿಲ್ಲ. ಅದು ಇರಲೆಂದೇ ಬರೆಯುತ್ತಿದ್ದೇನೆ.

ಇದು ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ನನ್ನ ಗಂಡನ ಮನೆ ಚಾಮರಾಜಪೇಟೆಯಲ್ಲಿ. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು, ಮತ್ತು ಆಗಿನ್ನೂ ಶಿಶುವಿಹಾರಕ್ಕೆ ಹೋಗುತ್ತಿದ್ದ ಮಗಳು. ಗಂಡನ ಅಕ್ಕ, ಅಂದರೆ ನನ್ನ ಅತ್ತಿಗೆ, ವಿಶ್ವೇಶ್ವರಪುರದಿಂದ ಆಗಾಗ ಬಂದು ಹೋಗುತ್ತಿದ್ದರು. ನಾನು ಎರಡನೆಯ ಸಲ ಬಸುರಿಯಾದ ಮೇಲೆ ಸದರಿ ಭೇಟಿಗಳು ಹೆಚ್ಚಾದವು.

ಸ್ಕ್ಯಾನಿಂಗ್‌ಗೆ ಹೋದ ದಿನವೂ ಅತ್ತಿಗೆ ಜೊತೆಗಿದ್ದರು. ಹುಟ್ಟುವ ಮೊದಲು ಮಗು ಗಂಡೋ ಹೆಣ್ಣೋ ಎಂದು ತಿಳಿಸುವುದು ಕಾನೂನಿನ ಪ್ರಕಾರ ಅಪರಾಧವೆಂಬ ಫಲಕ ಗೋಡೆಯ ಮೇಲೆ ಎದ್ದು ಕಾಣುವಂತಿತ್ತು. ಅದರ ಕೆಳಗೇ ನಿಂತು ಅವರು ಕೇಳಿದರು:

"ಡಾಕ್ಟ್ರೇ, ಸ್ವೆಟರ್ ಹೆಣೀಬೇಕು ಅಂತಿದೀನಿ. ಯಾವ ಬಣ್ಣದ ಉಲ್ಲನ್ ತಗೊಳ್ಲಿ? ಅಷ್ಟು ಹೇಳಿ ಸಾಕು."

ಡಾಕ್ಟರಮ್ಮ ತಲೆ ಎತ್ತಲಿಲ್ಲ. "ಹಳದಿ ತಗೊಳ್ಳಿ. ಎಲ್ಲರಿಗೂ ಒಪ್ಪುತ್ತೆ."

ಅಲ್ಲಿ ಬಾಗಿಲು ಮುಚ್ಚಿದ್ದರಿಂದ ಅತ್ತೆಯವರೂ ಅತ್ತಿಗೆಯೂ ನನ್ನ ಮಗಳ ಬಾಯಿಯನ್ನು ಹಿಡಿದರು. ಮೊದಲ ಮಗುವಿನ ಬಾಯಲ್ಲಿ ತಮ್ಮ ಎಂದು ಬಂದರೆ ತಮ್ಮ, ತಂಗಿ ಎಂದು ಬಂದರೆ ತಂಗಿ ಎಂಬ ನಂಬಿಕೆಯನ್ನು ನಮ್ಮ ಕಡೆಯವರೆಲ್ಲ ಬಲ್ಲರು. ಮಗು ತಾನಾಗಿ ಹೇಳಿದರೆ ಮಾತ್ರ ಅದಕ್ಕೆ ಬೆಲೆಯೆಂದು ನನ್ನ ತಾಯಿಯ ಮನೆಯಲ್ಲಿ ಹೇಳುತ್ತಿದ್ದರು. ಅತ್ತೆಯವರು ಮಾತ್ರ ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದರು. ಬೆಳಿಗ್ಗೆ ದೇವರ ದೀಪದ ಮುಂದೆ ಅವಳನ್ನು ನಿಲ್ಲಿಸುತ್ತಿದ್ದರು.

"ಅಮ್ಮನ ಹೊಟ್ಟೇಲಿ ಯಾರಿದಾರೆ? ತಮ್ಮ ಅನ್ನು, ಪುಟ್ಟಿ."

"ತಮ್ಮ."

"ಬಾಯಿ ತುಂಬ ಅನ್ನು. ತಿಂಡಿ ತಿಂದಿಲ್ವಾ?"

"ತಮ್ಮಾ!"

ಎರಡನೆಯ ಬಸಿರಿಗೆ ನಮ್ಮಲ್ಲಿ ಸೀಮಂತವಿಲ್ಲ. ಆದರೂ ಅತ್ತೆಯವರು ಮಾರ್ಕೆಟ್ಟಿನಿಂದ ಮಲ್ಲಿಗೆ ತರಿಸಿ, ನಾಲ್ಕಾರು ಮುತ್ತೈದೆಯರನ್ನು ಕರೆದು ನನಗೆ ಬಳೆ ತೊಡಿಸಿದರು. ಅವರೆಲ್ಲರ ಎದುರಿಗೆ ನನ್ನ ಮಗಳನ್ನು ಮಣೆಯ ಮೇಲೆ ನಿಲ್ಲಿಸಿ ಅದೇ ಪ್ರಶ್ನೆಯನ್ನು ಕೇಳಿದರು. ಅವಳು ಕಲಿತದ್ದನ್ನು ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿ ಅವಳ ಬಾಯಿಗೆ ಸಕ್ಕರೆ ಹಾಕಿದರು. ನನ್ನ ಗಂಡನೂ ನಕ್ಕರು. ಅವಳು ಮಾತ್ರ ನಗಲಿಲ್ಲವೆಂಬುದನ್ನು ನಾನು ಗಮನಿಸಿದ್ದೆ.

ಹೆರಿಗೆ ನಮ್ಮ ಬಡಾವಣೆಯ ಒಂದು ನರ್ಸಿಂಗ್ ಹೋಮಿನಲ್ಲಿ ಆಯಿತು. ನನ್ನ ಕೋಣೆಯ ಬಾಗಿಲ ಹೊರಗೇ ನಾಣ್ಯದ ಫೋನ್ ಇತ್ತು. ಗಂಡ ಮನೆಗೆ ಸುದ್ದಿ ತಿಳಿಸಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಅಮ್ಮಾ, ಆಯ್ತು. ಹೆಣ್ಣು." ಆ ಕಡೆಯ ಮಾತು ಕೇಳಿಸಿಕೊಂಡು ಅಂದರು: "ಹೂಂ... ಹೂಂ... ಪರವಾಗಿಲ್ಲ ಬಿಡಮ್ಮ."

ಬಸ್ಸು ತಪ್ಪಿದರೆ ಪರವಾಗಿಲ್ಲ ಎನ್ನುತ್ತೇವೆ. ಹಾಲು ಒಡೆದರೆ, ಕೊಡೆ ಮರೆತರೆ ಪರವಾಗಿಲ್ಲ ಎನ್ನುತ್ತೇವೆ. ನನ್ನ ಪಕ್ಕದಲ್ಲಿ ಮುಷ್ಟಿ ಬಿಗಿದು ಮಲಗಿದ್ದ ಕೂಸಿನ ಬಗ್ಗೆ ಅವಳ ತಂದೆ ಆಡಿದ ಮೊದಲ ಮಾತು ಅದೇ ಆಗಿತ್ತು. ನಾನು ಗೋಡೆಯ ಕಡೆಗೆ ತಿರುಗಿಕೊಂಡೆ.

ಮಧ್ಯಾಹ್ನ ಅತ್ತೆಯವರೂ ಅತ್ತಿಗೆಯೂ ಮಗಳನ್ನು ಕರೆದುಕೊಂಡು ಬಂದರು. ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಬಾ ಎಂದರೂ ಬರಲಿಲ್ಲ, ತೊಟ್ಟಿಲ ಕಡೆ ನೋಡಲೂ ಇಲ್ಲ.

"ಹೇಗೆ ಬರ್ತಾಳೆ?" ಎಂದು ಅತ್ತಿಗೆ ನಕ್ಕರು. "ಬಾಯಿ ತುಂಬ ಹೇಳೇ ಅಂದ್ರೆ ಗೊಣಗ್ತಿದ್ಲು. ತಗೋ ಈಗ, ತಂಗಿ ಬಂದಿದಾಳೆ."

"ಎಷ್ಟು ಹೇಳಿಕೊಟ್ಟೆ ಕಣೇ ನಿಂಗೆ," ಎಂದರು ಅತ್ತೆ. ಅವರು ನಗಲಿಲ್ಲ.

ಮಗಳು ನನ್ನ ಕಡೆ ತಿರುಗಿದಳು. "ನಾನು ದಿನಾ ತಮ್ಮ ಅಂತಾನೇ ಹೇಳ್ದೆ ಅಮ್ಮ. ಒಂದೇ ಒಂದ್ಸಲ ತಂಗಿ ಅಂದೆ. ತುಳಸಿ ಹತ್ರ. ಯಾರಿಗೂ ಕೇಳಿಸ್ಬಾರ್ದು ಅಂತ ಮೆತ್ತಗೆ ಅಂದೆ."

ಹೊಲಿಗೆಯ ನೋವಿನಲ್ಲೂ ನಾನು ಎದ್ದು ಕೂತೆ. ಇಷ್ಟು ಚಿಕ್ಕ ಮಗುವಿನ ತಲೆಯ ಮೇಲೆ ಒಂದು ಮನೆತನದ ನಿರಾಸೆಯನ್ನೆಲ್ಲ ಹೊರಿಸಿ ನಿಂತಿದ್ದರು. ಅತ್ತೆಯವರಿಗೆ ಅದುವರೆಗೆ ನಾನು ಎದುರು ಮಾತಾಡಿದವಳಲ್ಲ.

"ಅವಳು ಏನಂದ್ರೂ ಏನೂ ಆಗಲ್ಲ ಅತ್ತೆ. ಗಂಡೋ ಹೆಣ್ಣೋ ಅನ್ನೋದು ತಂದೆ ಕಡೆಯಿಂದ ಬರೋದು. ನಿಮ್ಮ ಮಗನ್ನೇ ಕೇಳಿ, ಹೈಸ್ಕೂಲಲ್ಲಿ ಅವರೂ ಓದಿದಾರೆ."

ಗಂಡ ಕಿಟಕಿಯ ಹೊರಗೆ ನೋಡತೊಡಗಿದರು. ಅತ್ತಿಗೆ, "ಬಾಣಂತಿ ಇಷ್ಟು ಕೂಗ್ಬಾರ್ದು," ಎಂದರು. ನನ್ನ ಕೆಲಸ ಮುಗಿಯಿತೆಂದು ನಾನು ತಿಳಿದೆ. ಆದರೆ ಹೊಸ್ತಿಲಲ್ಲಿದ್ದವಳ ಮುಖ ಇನ್ನಷ್ಟು ಸಪ್ಪಗಾಗಿತ್ತು.

"ಹಾಗಾದ್ರೆ," ಎಂದಳು, "ನಾನು ಕೇಳಿದ್ದಕ್ಕೆ ಬರ್ಲಿಲ್ವಾ ಇವಳು?"

ತಪ್ಪಿನಿಂದ ಬಿಡಿಸಲು ಹೋಗಿ ಅವಳ ತಂಗಿಯನ್ನೇ ನಾನು ಕಸಿದುಕೊಂಡಿದ್ದೆ. ಈಗ ಆಡಿದ ಮಾತನ್ನು ಹಿಂದಕ್ಕೆ ಪಡೆಯದೆ ಬೇರೆ ದಾರಿಯಿರಲಿಲ್ಲ. ನಿಜಕ್ಕೆ ವಿರುದ್ಧವೆಂದು ತಿಳಿದೂ ಹೇಳಿದೆ:

"ಬಂದ್ಲು ಪುಟ್ಟಿ. ನೀನು ಕೇಳಿದ್ದಕ್ಕೇ ಬಂದ್ಲು. ಅಮ್ಮ ಸಿಟ್ಟಲ್ಲಿ ತಪ್ಪು ಹೇಳ್ಬಿಟ್ಟೆ. ಮಕ್ಕಳ ಬಾಯಲ್ಲಿ ಬಂದದ್ದು ಆಗತ್ತೆ ಅಂತ ಅಜ್ಜಿ ಹೇಳ್ತಾರಲ್ಲ? ನೀನಾಗೇ ಹೇಳಿದ್ದು ತುಳಸಿ ಹತ್ರ ಹೇಳಿದ್ದೊಂದೇ. ಅಲ್ವಾ ಅತ್ತೆ?"

ಅಲ್ಲವೆಂದರೆ ಅತ್ತೆಯವರ ನಂಬಿಕೆಯೇ ಸುಳ್ಳಾಗುತ್ತಿತ್ತು. ಅವರು ಸೆರಗನ್ನು ಸರಿಮಾಡಿಕೊಂಡರು. ನಾನು ಮತ್ತೊಮ್ಮೆ ಕೇಳಿದೆ. "ಹೂಂ," ಎಂದರು, ನನ್ನ ಮುಖ ನೋಡದೆ. ಆಮೇಲೆ ಬಾಣಂತನ ಮುಗಿಯುವವರೆಗೂ ನನ್ನೊಡನೆ ಅವರ ಮಾತು ಊಟ, ನೀರಿಗಷ್ಟೇ ಸೀಮಿತವಾಗಿತ್ತು. ನಾನೂ ಕ್ಷಮೆ ಕೋರಲಿಲ್ಲ.

ಮಗಳು ಒಳಗೆ ಬಂದಳು. ತೊಟ್ಟಿಲಿಗೆ ಎಟುಕದೆ ತುದಿಗಾಲಲ್ಲಿ ನಿಂತಳು. "ಇಷ್ಟೇನಾ?" ಎಂದಳು. ಅಷ್ಟರಲ್ಲಿ ಗಂಡ ಮತ್ತೆ ಫೋನಿನ ಹತ್ತಿರ ಹೋದರು; ಓಕಳಿಪುರದ ಚಿಕ್ಕಪ್ಪನಿಗೆ ತಿಳಿಸುವುದಿತ್ತು. ಇವಳೂ ಹಿಂದೆ ಓಡಿದಳು. ಆ ಕಡೆಯವರು ಏನೆಂದರೋ ಗೊತ್ತಿಲ್ಲ. "ನಾನ್ ಕೇಳಿದ್ದು ಅಂತ ಹೇಳು ಅಪ್ಪಾ, ಹೇಳು," ಎಂದು ಇವಳು ಕಾಡುವುದು ಕೇಳಿಸಿತು. ಗಂಡ ಗಂಟಲು ಸರಿಮಾಡಿಕೊಂಡರು.

"ಏನಿಲ್ಲ ಚಿಕ್ಕಪ್ಪ, ದೊಡ್ಡೋಳಿಗೆ ತಂಗಿ ಬೇಕಾಗಿತ್ತಂತೆ. ಅದಕ್ಕೆ..."

ಮಗಳು ಕುಣಿದಳು. ನಾನು ಹಾಸಿಗೆಯಲ್ಲಿ ಕಾದೆ. ನಮಗೂ ಬೇಕಾಗಿತ್ತು ಎಂಬ ಒಂದು ಮಾತನ್ನು ಅವರು ಸೇರಿಸಬಹುದೆಂದು ಕಾದೆ. ನಾಣ್ಯದ ಅವಧಿ ಇನ್ನೂ ಇತ್ತು. ಅವರು ಆಪರೇಷನ್ ಅಲ್ಲ, ನಾರ್ಮಲ್ ಹೆರಿಗೆಯೇ ಎಂದು ತಿಳಿಸಿ, ಫೋನ್ ಇಟ್ಟರು.