ಕುಣಿಮಗ್ಗದ ಕಡೆಯಿಂದ ಕಂಡದ್ದು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬಿದವಳಲ್ಲ. ಸತ್ತವರು ಬಾಗಿಲಲ್ಲಿ ನಿಂತಿದ್ದರು, ಹೆಸರು ಹಿಡಿದು ಕರೆದರು ಎಂದು ಓಣಿಯಲ್ಲಿ ಯಾರಾದರೂ ಅಂದರೆ, ಊಟ ಹೆಚ್ಚಾಗಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದೆ. ಬೆಳಗಿನಿಂದ ನೀರು, ರೊಟ್ಟಿ, ಮುಸುರೆ ಎಂದು ಓಡಾಡುವವಳಿಗೆ ಇದನ್ನೆಲ್ಲ ಯೋಚಿಸಲು ಪುರುಸೊತ್ತೂ ಇರಲಿಲ್ಲ. ಈಗ ನಂಬಿಕೆ ಬಂದಿದೆ ಎಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಬೆಟಗೇರಿಯ ನಮ್ಮ ಮನೆಯಲ್ಲೇ, ನನಗೇ ಆದದ್ದನ್ನು ಇಲ್ಲವೆನ್ನಲೂ ಆಗದು. ಆದಂತೆ ಬರೆಯುತ್ತೇನೆ. ನೀವು ಏನಾದರೂ ಅಂದುಕೊಳ್ಳಿ.

ನಮ್ಮದು ನೇಕಾರರ ಮನೆ. ನನ್ನ ಗಂಡನ ಅಕ್ಕ ಶಾಂತವ್ವ ಮದುವೆಯಾಗದೆ ನಮ್ಮ ಜೊತೆಗೇ ಇದ್ದರು. ಈ ಮನೆತನದಲ್ಲಿ ಕಣ್ಣಿನದೊಂದು ರೋಗವಿದೆ. ಮೊದಲು ಸಂಜೆಯ ಹೊತ್ತು ಕಾಣುವುದಿಲ್ಲ, ಆಮೇಲೆ ಆಜುಬಾಜು ಕಾಣುವುದಿಲ್ಲ. ನೋಟ ವರ್ಷ ವರ್ಷಕ್ಕೆ ಕಿರಿದಾಗಿ, ಕೊನೆಗೆ ಕೊಳವೆಯೊಳಗಿಂದ ನೋಡಿದಂತೆ ನಟ್ಟನಡುವೆ ಒಂದು ಬಿಲ್ಲೆಯಷ್ಟು ಉಳಿಯುತ್ತದೆ. ಮಾವನವರಿಗೆ ಇತ್ತು, ಅಕ್ಕನಿಗೆ ಬಂತು, ನನ್ನ ಗಂಡನನ್ನು ಬಿಟ್ಟಿತು. ಬಿಟ್ಟಿತೆಂದು ನೆಮ್ಮದಿಯಿಂದ ಇರುವ ಹಾಗೂ ಇಲ್ಲ. ತಂದೆಯಲ್ಲಿ ಕಾಣದಿದ್ದರೂ ಮಕ್ಕಳಲ್ಲಿ ಕಾಣಬಹುದು ಎಂದು ಡಾಕ್ಟರು ಹೇಳಿದ್ದರು. ನಮಗೆ ಇರುವವಳು ಒಬ್ಬಳೇ ಮಗಳು, ರೂಪಾ. ಹುಲಕೋಟಿಗೆ ಕಾಲೇಜಿಗೆ ಹೋಗುತ್ತಿದ್ದಳು. ಅವಳು ಹೊಸ್ತಿಲು ಎಡವಿದರೆ, ಲೋಟ ಕೆಡವಿದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಒಮ್ಮೆ ತೋರಿಸಿಕೊಂಡು ಬರೋಣ ಎಂದರೆ, “ನನಗೇನಾಗೇತಿ? ಸುಮ್ನಿರಬೇ” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅಕ್ಕ ನೋಟ ಹೋದರೂ ಮಗ್ಗ ಬಿಡಲಿಲ್ಲ. ಕುಣಿಮಗ್ಗವೆಂದರೆ ನೆಲಕ್ಕೆ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂಡುವುದು. ಅಲ್ಲಿಂದಲೇ ಮನೆಯವರನ್ನೆಲ್ಲ ಮಾತಾಡಿಸುತ್ತಿದ್ದರು. ನಾನು ಮಾತಾಡುತ್ತ ಅತ್ತಿತ್ತ ಓಡಾಡಿದರೆ, “ಏ ತಂಗಿ, ಜರಾ ನನ್ನ ಬಿಲ್ಲೆದಾಗ ನಿಂದ್ರು, ಮಾರಿ ಕಾಣವಲ್ದು” ಎಂದು ನಗುತ್ತಿದ್ದರು.

ತಾವು ಸತ್ತ ಮೇಲೆ ಕಣ್ಣುಗಳನ್ನು ಸಂಶೋಧನೆಗೆ ಕೊಡಬೇಕೆಂದು ಅವರೇ ಹೇಳಿಟ್ಟಿದ್ದರು. ಇನ್ನೊಬ್ಬರಿಗೆ ಹಾಕಲಿಕ್ಕಲ್ಲ. ಕಣ್ಣಿನ ಒಳಪರದೆ, ರೆಟಿನಾ ಅನ್ನುತ್ತಾರಲ್ಲ, ಅದನ್ನು ಬಿಡಿಸಿ ಗಾಜಿನ ತಟ್ಟೆಯಲ್ಲಿ ಪೋಷಣೆಯ ದ್ರವ ಹಾಕಿ ಕೆಲವು ದಿನ ಜೀವಂತ ಇಡುತ್ತಾರಂತೆ. ರೋಗ ಹೇಗೆ ಹಬ್ಬುತ್ತದೆ, ಕಣ್ಣಿಗೆ ಬಿದ್ದ ಬೆಳಕಿನ ಸುದ್ದಿ ನರಕ್ಕೆ ಹೇಗೆ ಮುಟ್ಟುತ್ತದೆ, ಯಾವ ಔಷಧ ತಡೆದೀತು ಎಂದೆಲ್ಲ ಅದರ ಮೇಲೆ ನೋಡುತ್ತಾರಂತೆ. ಮಾವನವರ ತಮ್ಮ, ಲಕ್ಷ್ಮೇಶ್ವರದ ಕಾಕಾ, ಇದನ್ನು ಕೇಳಿ ಸಿಟ್ಟಾದರು.

“ಕಣ್ಣಿಲ್ಲದ ಹೋದ್ರ ಮುಂದ ದಾರಿ ಹೆಂಗ ಕಾಣಬೇಕವಾ?”

“ಇದ್ದಾಗ ಎಷ್ಟು ದಾರಿ ಕಂಡೇನಿ ಕಾಕಾ? ಅಲ್ಲಿ ಕೈ ಹಿಡಿಯಾಕ ಅಪ್ಪ ಅದಾನ. ಅವನೂ ಕುಡ್ಡನ, ಇಬ್ಬರೂ ಕೂಡಿ ಎಡವತೀವಿ ತಗೋ.” ಎಲ್ಲರೂ ನಕ್ಕ ಮೇಲೆ ದನಿ ತಗ್ಗಿಸಿ, “ನಮ್ಮ ರೂಪಾಗ ಬರಬಾರದಲ್ಲಪಾ” ಎಂದರು.

ಅಕ್ಕ ಮಗ್ಗದ ಪಕ್ಕದಲ್ಲೇ ಒಂದು ಬೆಳಿಗ್ಗೆ ಒರಗಿದವರು ಏಳಲಿಲ್ಲ. ಫೋನು ಮಾಡಿದೆವು, ಆಸ್ಪತ್ರೆಯವರು ಬಂದು ಕಣ್ಣು ತೆಗೆದುಕೊಂಡು ಹೋದರು. ಮಣ್ಣು ಮಾಡಿ ಬಂದು, ಜೀವ ಹೋದ ಜಾಗದಲ್ಲಿ ದೀಪ ಇಟ್ಟೆವು. ನಮ್ಮ ಮನೆಯ ಪದ್ಧತಿಯಲ್ಲಿ ದಿನ, ಅಂದರೆ ಸತ್ತವರ ತಿಥಿಯ ಕಾರ್ಯ, ಮಾಡುವವರೆಗೆ ಆ ದೀಪ ಆರಬಾರದು, ದಿನ ಮುಗಿದ ಮೇಲೆ ಅದು ಅಲ್ಲಿ ಇರಬಾರದು.

ದಿನಕ್ಕೆ ಇನ್ನೇನು ಅಡುಗೆ ಹೂಡಬೇಕು ಎನ್ನುವಾಗ ಸಂಶೋಧನೆಯ ಡಾಕ್ಟರಬಾಯಿ ಫೋನು ಮಾಡಿದರು. ಒಳ್ಳೆಯ ಹೆಣ್ಣುಮಗಳು, ನಮಗೆ ಸಮಾಧಾನವಾಗಲೆಂದೇ ಮಾಡಿದ್ದು. “ನಿಮ್ಮ ಅಕ್ಕನವರ ರೆಟಿನಾ ಇನ್ನೂ ಜೀವಂತ ಇದೆ. ಬೆಳಕು ಬಿಟ್ಟರೆ ನಡುಭಾಗದ ಕೆಲವು ಜೀವಕೋಶ ಸ್ಪಂದಿಸುತ್ತಿವೆ” ಎಂದರು. ನಾನು ಅದನ್ನು ಅಕ್ಕನ ತಾಯಿಗೆ, ನನ್ನ ಅತ್ತೆಗೆ, ಹಾಗೇ ಹೇಳಿದೆ. ಅತ್ತೆ ಎದ್ದು ಕೂತರು.

“ಅಂದ್ರ ನನ್ನ ಮಗಳ ಕಣ್ಣು ಬದುಕೈತಿ. ಬದುಕಿದ್ದಾಕಿಗೆ ದಿನಾ ಹೆಂಗ ಮಾಡ್ತೀರಿ? ದೀಪಾ ಮುಟ್ಟಬ್ಯಾಡ್ರಿ.”

ಯಾರು ತಿಳಿಸಿ ಹೇಳಿದರೂ ಕೇಳಲಿಲ್ಲ. ಕಾಕಾ ಹೆಗಲ ಮೇಲಿನ ಟವೆಲ್ಲು ಝಾಡಿಸಿದರು. “ಮೊದಲ ಸತ್ತಾಳೋ ಇಲ್ಲೋ ನಿಕ್ಕಿ ಮಾಡ್ರಿ. ಅರ್ಧಾ ಸತ್ತೋರ ದಿನಾ ಮಾಡಿದ್ದು ನಾ ಎಲ್ಲೂ ಕಂಡಿಲ್ಲ” ಎಂದು ಬಸ್ಸು ಹತ್ತಿದರು.

ದೀಪ ಹಾಗೇ ಉಳಿಯಿತು. ಅದನ್ನು ಕಾಯುವ ಕೆಲಸ ನನ್ನದಾಯಿತು. ಬತ್ತಿ ಸರಿಮಾಡು, ಎಣ್ಣೆ ಹಾಕು, ಗಾಳಿ ಬಂದರೆ ಬಾಗಿಲು ಹಾಕು. ಒಲೆಯ ಮುಂದೆ ಕೂತರೆ “ಎಣ್ಣಿ ಹಾಕಿದೇನು?” ಎಂದು ಅತ್ತೆಯ ದನಿ. ಮಾತಾಡಿಸಲು ಬಂದವರಿಗೆ ಚಹಾ. ಅವರು ದೀಪ ನೋಡಿ ಮುಖ ಮುಖ ನೋಡಿಕೊಳ್ಳುವುದು. ಮತ್ತೆ ಮೊದಲಿನಿಂದ ಎಲ್ಲ ಹೇಳುವುದು. ಮಗ್ಗ ನಿಂತಿತ್ತು, ಅರ್ಧ ನೇಯ್ದ ಸೀರೆಯ ಮೇಲೆ ಬಟ್ಟೆ ಹೊದಿಸಿದ್ದೆವು. ನನಗೆ ದುಃಖ ಪಡಲು ಕೂಡ ತ್ರಾಣವಿರಲಿಲ್ಲ. ನಿಂತಲ್ಲೇ ತೂಕಡಿಕೆ ಬರುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಕರೆಂಟು ಹೋಯಿತು. ಗಂಡ ನೂಲಿನ ಅಂಗಡಿಗೆ ಹೋಗಿದ್ದರು, ಅತ್ತೆ ಪಡಸಾಲೆಯಲ್ಲಿ ಮಲಗಿದ್ದರು. ಮಗ್ಗದ ಕೋಣೆಗೆ ಎಣ್ಣೆಯ ಗಿಂಡಿ ಹಿಡಿದು ಹೋದೆ. ಬಗ್ಗಿ ಎಣ್ಣೆ ಹೊಯ್ಯತೊಡಗಿದಾಗ ಕೋಣೆ ಅಂಚುಗಳಿಂದ ಕಪ್ಪಾಗುತ್ತ ಒಳಗೆ ಸರಿಯಿತು. ತಲೆ ಸುತ್ತು ಬಂತೆಂದುಕೊಂಡೆ. ಆದರೆ ಸುತ್ತಲಿಲ್ಲ. ಎಲ್ಲ ಮುಚ್ಚಿ ನಡುವೆ ಒಂದು ಬಿಲ್ಲೆಯಷ್ಟು ಉಳಿಯಿತು. ಅದರೊಳಗೆ ದೀಪವಿತ್ತು. ದೀಪದ ಪಕ್ಕ ಒಬ್ಬ ಹೆಂಗಸು ಬಗ್ಗಿ ಎಣ್ಣೆ ಹೊಯ್ಯುತ್ತಿದ್ದಳು. ಸೆರಗು ಜಾರಿತ್ತು, ಕೂದಲು ಕೆದರಿತ್ತು, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಪಾಪ, ಯಾರಿವಳು, ಎಷ್ಟು ದಣಿದಿದ್ದಾಳೆ ಎಂದು ನನಗೆ ಅನಿಸಿತು. ಅದು ನಾನೇ ಎಂದು ತಿಳಿಯಲು ಹೊತ್ತು ಹಿಡಿಯಿತು. ಬಗ್ಗಿ ಕೆಲಸ ಮಾಡುವಾಗಿನ ನಮ್ಮ ಮುಖ ನಮಗೆ ಕನ್ನಡಿಯಲ್ಲಿ ಎಂದೂ ಕಾಣುವುದಿಲ್ಲ. ನಾನು ಅದನ್ನು ಕೆಳಗಿನಿಂದ, ಓರೆಯಾಗಿ, ಕುಣಿಮಗ್ಗದ ಕಡೆಯಿಂದ ನೋಡುತ್ತಿದ್ದೆ.

ಮತ್ತೆ ಎಲ್ಲ ಮೊದಲಿನಂತಾಯಿತು. ಎಣ್ಣೆ ತುಂಬಿ ನೆಲಕ್ಕೆ ಹರಿದಿತ್ತು. ಮಗ್ಗದ ಕಡೆ ತಿರುಗಿದೆ.

ಕುಣಿಯಲ್ಲಿ ಕಾಲಿಳಿಬಿಟ್ಟು ರೂಪಾ ಕೂತಿದ್ದಳು. ಅವಳು ಕಾಲೇಜಿನಿಂದ ಬಂದದ್ದೇ ನನಗೆ ಗೊತ್ತಿರಲಿಲ್ಲ. ಸಪ್ಪಳವಿಲ್ಲದೆ ಅಳುತ್ತಿದ್ದಳು.

“ಯಾವಾಗ ಬಂದೆವಾ? ಇಲ್ಯಾಕ ಕುಂತಿ?”

“ಶಾಂತವ್ವತ್ತಿಗೆ ಇಲ್ಲಿಂದ ಹೆಂಗ ಕಾಣತಿತ್ತು ನೋಡೂನು ಅಂತ ಕುಂತೆ” ಎಂದಳು. “ಅವ್ವಾ, ನನಗ ದೀಪಾ ಕಾಣತೈತಿ, ನೀ ಕಾಣತಿ. ಸುತ್ತ ಏನೂ ಕಾಣವಲ್ದು. ಭಾಳ ದಿನಾ ಆತು. ಹೇಳಾಕ ಆಗಲಿಲ್ಲ.”

ಅವಳ ತಲೆಯನ್ನು ಎದೆಗೊತ್ತಿಕೊಂಡು ಆ ಎಣ್ಣೆಯಲ್ಲೇ ಕೂತುಬಿಟ್ಟೆ.

ಮರುದಿನ ರೂಪಾಳನ್ನು ಕರೆತರುತ್ತೇವೆ ಎಂದು ಹೇಳಲು ಡಾಕ್ಟರಬಾಯಿಗೆ ಫೋನು ಮಾಡಿದಾಗ ಅಕ್ಕನ ರೆಟಿನಾದ ಬಗ್ಗೆಯೂ ಕೇಳಿದೆ. ಅವರು ಬೇಸರಪಟ್ಟುಕೊಂಡರು. ಅದು ಸ್ಪಂದಿಸುವುದನ್ನು ನಿಲ್ಲಿಸಿ ಕೆಲವು ದಿನಗಳೇ ಆಗಿದ್ದವಂತೆ. ತಿಳಿಸಲು ತಡವಾಯಿತು, ತಪ್ಪು ತಿಳಿಯಬೇಡಿ ಎಂದರು. ಅತ್ತೆಗೆ ಹೇಳಿದೆ. ಮಗ್ಗದ ಕೋಣೆಗೆ ಹೋಗಿ ದೀಪ ನೋಡಿ ಬಂದು, “ಹಂಗಾರ ಆತು. ಕಾಕಾಗ ಬರಾಕ ಹೇಳು” ಎಂದರು. ದಿನ ಮಾಡಿದೆವು.

ಆ ಸಂಜೆ ನಾನು ಯಾರ ಕಣ್ಣಿನಿಂದ ನೋಡಿದೆ ಎಂದು ಇಂದಿಗೂ ತಿಳಿದಿಲ್ಲ. ಅಕ್ಕನದು ಎನ್ನೋಣವೆಂದರೆ ಅದು ಮುಗಿದು ಹೋಗಿತ್ತು. ಮಗಳದು ಎನ್ನೋಣವೆಂದರೆ, ಬದುಕಿ ಎದುರಿಗೆ ಕೂತವಳ ನೋಟ ತಾಯಿಗೆ ಹೇಗೆ ಬಂದೀತು? ನಿದ್ದೆಗೆಟ್ಟ ತಲೆಯ ಆಟ, ಅಕ್ಕನ ಬಿಲ್ಲೆಯ ಮಾತು ಮನಸ್ಸಿನಲ್ಲಿ ಉಳಿದಿತ್ತು ಅಂತ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹಾಗಾದರೆ ನನಗೆ ಕಾಣದಂತೆ ಕೂತಿದ್ದ ರೂಪಾಳ ಕಡೆಯಿಂದಲೇ ಏಕೆ ಕಂಡಿತು? ಡಾಕ್ಟರಬಾಯಿಯನ್ನು ಕೇಳಲೆಂದೇ ಹೋಗಿ ಕೇಳದೆ ಬಂದಿದ್ದೇನೆ. ರೂಪಾಗೂ ಹೇಳಿಲ್ಲ.

ತಪಾಸಣೆಯಲ್ಲಿ ಅವಳಿಗೂ ಅದೇ ರೋಗವೆಂದು ಗೊತ್ತಾಯಿತು. ಗುಣ ಮಾಡುವ ಔಷಧ ಇನ್ನೂ ಇಲ್ಲ. ಈಚೆಗೆ ಅವಳ ರಕ್ತ ತೆಗೆದುಕೊಂಡು, ಅದರ ಜೀವಕೋಶದಿಂದ ತಟ್ಟೆಯಲ್ಲಿ ರೆಟಿನಾದಂಥದೇ ಒಂದು ತುಣುಕು ಬೆಳೆಸುತ್ತಿದ್ದಾರೆ. ಔಷಧಗಳನ್ನು ಮೊದಲು ಅದರ ಮೇಲೆ ಹಾಕಿ ನೋಡುತ್ತಾರಂತೆ. ಕೊನೆಯ ಸಲ ಹೋದಾಗ, ಬೆಳೆಯುತ್ತಿದೆ, ಆದರೆ ಬೆಳಕಿಗೆ ಸ್ಪಂದಿಸುವಷ್ಟು ಇನ್ನೂ ಆಗಿಲ್ಲ, ತಿಂಗಳುಗಟ್ಟಲೆ ಬೇಕು ಎಂದರು.

ಬರುವಾಗ ಬಸ್ಸಿನಲ್ಲಿ ರೂಪಾ, “ಅವ್ವಾ, ಅಲ್ಲಿ ನಂದೊಂದು ಕಣ್ಣು ಬೆಳಿಯಾಕತ್ತೈತಿ ನೋಡು. ಇನ್ನೂ ಯಾರನ್ನೂ ನೋಡಿಲ್ಲ ಅದು” ಎಂದು ನಕ್ಕಳು.

ಬೆಟಗೇರಿ ಬಂತು. ಹೊತ್ತು ಮುಳುಗಿತ್ತು. ಬಸ್ಸಿನ ಮೆಟ್ಟಿಲು ಅವಳಿಗೆ ಕಾಣದೆಂದು ನಾನೇ ಮೊದಲು ಇಳಿದು, ಕೈ ಚಾಚಿ, ಅವಳ ಎದುರಿಗೇ ನಿಂತೆ.